ಹಾಲಿನ ಗಾಡಿಯ ಟೈರು ಒಂದೇ ಬದಿಗೆ ಏಕೆ ಸವೆಯುತ್ತದೆ?

(ಕಿರವತ್ತಿ ಭಾಗದ ಹಾಲು ಉತ್ಪಾದಕ ಸದಸ್ಯರ ತಿಳುವಳಿಕೆ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಸಭೆಗಳಲ್ಲಿ ಹಸಿರು ಮೇವು, ಕೆಚ್ಚಲು ಬಾವು, ಕರುಗಳ ಪಾಲನೆ ಕುರಿತು ಕೇಳುವುದು ನಿಮಗೆ ರೂಢಿ. ಇಂದು ನಾನು ಟೈರಿನ ವಿಷಯ ಎತ್ತಿಕೊಂಡಿದ್ದೇನೆ. ಹಾಲು ಸಂಘಕ್ಕೂ ಟೈರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು.

ನೀವು ನಸುಕಿನಲ್ಲಿ ಎದ್ದು ಕರೆದ ಹಾಲು ಬೆಚ್ಚಗಿರುವಷ್ಟು ಹೊತ್ತು ಅದರಲ್ಲಿನ ಸೂಕ್ಷ್ಮಾಣುಗಳು ಬೆಳೆಯುತ್ತಲೇ ಇರುತ್ತವೆ. ಅವು ಅರ್ಧ ಗಂಟೆಗೊಮ್ಮೆ ಎರಡರಷ್ಟಾಗಬಲ್ಲವು. ಹಾಲನ್ನು 4 ಡಿಗ್ರಿ ಸೆಂಟಿಗ್ರೇಡಿಗೆ ತಂಪು ಮಾಡಿದ ಮೇಲೆಯೇ ಈ ಬೆಳವಣಿಗೆ ಹತೋಟಿಗೆ ಬರುತ್ತದೆ. ಕ್ಯಾನುಗಳಲ್ಲಿ ಹಾಲು ಸಾಗಿಸುವ ಮಾರ್ಗದಲ್ಲಿ ಟೈರು ಒಡೆದು ಗಾಡಿ ಎರಡು ತಾಸು ನಿಂತರೆ, ಕೆಡುವುದು ಒಬ್ಬರ ಮನೆಯ ಹಾಲಲ್ಲ, ಇಡೀ ಊರಿನ ಹಾಲು. ಮಳೆಗಾಲದಲ್ಲಿ ನುಣುಪಾದ ಟೈರಿನ ಗಾಡಿ ಜಾರಿದರೆ ಹಾನಿ ಹಾಲಿಗೆ ಮಾತ್ರ ನಿಲ್ಲುವುದಿಲ್ಲ. ಆದುದರಿಂದ ಟೈರು ನೋಡುವುದು ಡ್ರೈವರನ ಕೆಲಸ ಮಾತ್ರವೆಂದು ಬಿಟ್ಟುಬಿಡಬೇಡಿ. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಜೀಪು, ಕಾರು, ಪಿಕಪ್ ಇವೆ. ಈ ಮಾತು ಅವಕ್ಕೂ ಅನ್ವಯಿಸುತ್ತದೆ.

ಗೊರಸಿನಂತೆಯೇ ಟೈರು

ಗಾಳಿ ತುಂಬಿದ ಟೈರನ್ನು 1888ರಲ್ಲಿ ಬಳಕೆಗೆ ತಂದ ಜಾನ್ ಬಾಯ್ಡ್ ಡನ್‌ಲಪ್ ವೃತ್ತಿಯಿಂದ ಪಶುವೈದ್ಯರು. ಬೆಲ್‌ಫಾಸ್ಟ್ ನಗರದಲ್ಲಿ ಜಾನುವಾರುಗಳಿಗೆ ಚಿಕಿತ್ಸೆ ನೀಡುತ್ತಿದ್ದವರು ಅವರು. ಟೈರನ್ನು ಪರೀಕ್ಷಿಸುವ ರೀತಿಯೂ ಪಶುವೈದ್ಯರ ರೀತಿಯಂತೆಯೇ ಇದೆ. ನಿಮ್ಮ ಆಕಳ ಗೊರಸು ಒಂದೇ ಬದಿಗೆ ಸವೆದರೆ ನೀವು ಗೊರಸನ್ನಷ್ಟೇ ನೋಡಿ ಸುಮ್ಮನಾಗುವುದಿಲ್ಲ. ಕಾಲು ನೋಯುತ್ತಿದೆಯೇ, ನಡಿಗೆ ಸರಿಯಿದೆಯೇ, ಕೊಟ್ಟಿಗೆಯ ನೆಲ ಹೇಗಿದೆ ಎಂದು ನೋಡುತ್ತೀರಿ. ಟೈರು ಒರೆಕೋರೆಯಾಗಿ ಸವೆದಾಗಲೂ ಹೆಚ್ಚಿನ ಸಂದರ್ಭಗಳಲ್ಲಿ ದೋಷ ಇರುವುದು ಟೈರಿನಲ್ಲಲ್ಲ, ಗಾಳಿಯಲ್ಲಿ, ಹೇರಿನಲ್ಲಿ ಅಥವಾ ಗಾಡಿಯ ಅಂಗಾಂಗದಲ್ಲಿ. ಕಾರಣ ಹುಡುಕದೆ ಹೊಸ ಟೈರು ಹಾಕಿಸಿದರೆ ಅದೂ ಹಳೆಯದರಂತೆಯೇ ಸವೆಯುತ್ತದೆ, ಹಣ ಎರಡು ಸಲ ಹೋಗುತ್ತದೆ. ನಾನು ಇಂದು ಮುಖ್ಯವಾಗಿ ಹೇಳಬೇಕಾದ ಮಾತು ಇದೇ.

ಸವೆತ ಎಲ್ಲಿದೆ ಎಂದು ಮೊದಲು ನೋಡಿ

ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ. ಪ್ರತಿ ಟೈರಿನ ಒಳ ಅಂಚು, ನಡುಭಾಗ, ಹೊರ ಅಂಚು ಈ ಮೂರೂ ಕಡೆ ಗೀರಿನ ಆಳ ನೋಡಿ. ಒಳ ಅಂಚು ನಿಂತು ನೋಡಿದರೆ ಕಾಣುವುದಿಲ್ಲ, ಬಗ್ಗಿ ಕೈಯಾಡಿಸಿಯೇ ನೋಡಬೇಕು. ಬೆಂಕಿಕಡ್ಡಿಯನ್ನು ಗೀರಿನೊಳಗೆ ಇಳಿಸಿ ಉಗುರಿನಿಂದ ಗುರುತು ಹಿಡಿದರೂ ವ್ಯತ್ಯಾಸ ತಿಳಿಯುತ್ತದೆ. ಕಾರು, ಜೀಪುಗಳ ಟೈರಿನಲ್ಲಿ ಗೀರುಗಳ ತಳಕ್ಕೆ ಅಡ್ಡಲಾಗಿ ಸಣ್ಣ ರಬ್ಬರ್ ದಿಂಡುಗಳಿರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್. ಸವೆತ ಆ ದಿಂಡಿಗೆ ಸಮನಾದರೆ ಆ ಟೈರಿನ ಆಯುಷ್ಯ ಮುಗಿಯಿತು. ಒಂದು ಅಂಚಿನಲ್ಲಷ್ಟೇ ಸಮನಾಗಿ ಉಳಿದ ಕಡೆ ಗ್ರಿಪ್ ಚೆನ್ನಾಗಿದ್ದರೂ ಅದನ್ನು ರಸ್ತೆಯ ಮೇಲೆ ನಂಬಬಾರದು.

ಸವೆತದ ರೀತಿಗಳು ಮುಖ್ಯವಾಗಿ ಐದು.

ಮೊದಲನೆಯದು, ಎರಡೂ ಅಂಚು ಸವೆದು ನಡುಭಾಗ ಉಳಿದಿರುವುದು. ಇದು ಗಾಳಿ ಕಡಿಮೆಯಾದ ಅಥವಾ ಹೇರು ಹೆಚ್ಚಾದ ಲಕ್ಷಣ. ಗಾಳಿ ಕಡಿಮೆಯಾದ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಬಿಸಿಯಾಗುತ್ತವೆ. ಟೈರು ಒಡೆಯುವುದಕ್ಕೆ ಇದು ದೊಡ್ಡ ಕಾರಣ.

ಎರಡನೆಯದು, ನಡುಭಾಗ ಮಾತ್ರ ಸವೆದಿರುವುದು. ಗಾಳಿ ಹೆಚ್ಚಾಗಿದೆ ಎಂದು ತಿಳಿಯಿರಿ. ಖಾಲಿ ಗಾಡಿ ಓಡಿಸುವಾಗಲೂ ಪೂರ್ಣ ಹೇರಿನ ಗಾಳಿಯನ್ನೇ ಇಟ್ಟುಕೊಂಡರೆ ಹೀಗಾಗುತ್ತದೆ.

ಮೂರನೆಯದು, ಒಳ ಅಥವಾ ಹೊರ ಅಂಚು ಒಂದೇ ಸವೆದಿರುವುದು. ಚಕ್ರ ನೆಟ್ಟಗೆ ನಿಂತಿಲ್ಲ, ಒಂದು ಬದಿಗೆ ವಾಲಿದೆ. ಸ್ಪ್ರಿಂಗ್ ಕುಗ್ಗಿರಬಹುದು, ಬಾಲ್ ಜಾಯಿಂಟ್ ಸಡಿಲವಾಗಿರಬಹುದು, ಗುಂಡಿಗೆ ಬಿದ್ದು ಯಾವುದೋ ಭಾಗ ಬಾಗಿರಬಹುದು. ಅಲೈನ್‌ಮೆಂಟ್ ಬಹಳ ತಪ್ಪಿದ್ದರೂ ಹೀಗೆ ಸವೆಯುತ್ತದೆ.

ನಾಲ್ಕನೆಯದು, ಗರಗಸದ ಹಲ್ಲಿನಂತಹ ಸವೆತ. ಇದು ಕಣ್ಣಿಗಿಂತ ಅಂಗೈಗೆ ಬೇಗ ತಿಳಿಯುತ್ತದೆ. ಟೈರಿನ ಮೇಲೆ ಹೊರಗಿನಿಂದ ಒಳಕ್ಕೆ ಕೈಯಾಡಿಸಿ, ಆಮೇಲೆ ಒಳಗಿನಿಂದ ಹೊರಕ್ಕೆ ಆಡಿಸಿ. ಒಂದು ದಿಕ್ಕಿಗೆ ನುಣುಪಾಗಿಯೂ ಇನ್ನೊಂದು ದಿಕ್ಕಿಗೆ ಚೂಪಾಗಿಯೂ ಇದ್ದರೆ, ಮುಂದಿನ ಎರಡು ಚಕ್ರಗಳು ಪರಸ್ಪರ ನೇರವಾಗಿಲ್ಲ. ಜೋಡಿ ಎತ್ತುಗಳಲ್ಲಿ ಒಂದು ಒಳಕ್ಕೆ, ಒಂದು ಹೊರಕ್ಕೆ ಎಳೆದಂತೆ ಚಕ್ರಗಳು ಉರುಳುತ್ತಲೇ ನೆಲಕ್ಕೆ ಉಜ್ಜಿಕೊಳ್ಳುತ್ತವೆ. ಅಲೈನ್‌ಮೆಂಟ್ ಮಾಡಿಸಬೇಕು.

ಐದನೆಯದು, ಅಲ್ಲಲ್ಲಿ ತಗ್ಗು ಬಿದ್ದಿರುವುದು. ಶಾಕ್ ಅಬ್ಸಾರ್ಬರ್ ಕೆಲಸ ನಿಲ್ಲಿಸಿದರೆ ಚಕ್ರ ರಸ್ತೆಯ ಮೇಲೆ ಕುಣಿಯುತ್ತದೆ, ಬಿದ್ದ ಕಡೆ ಸವೆಯುತ್ತದೆ. ಬೇರಿಂಗ್ ಸಡಿಲವಾದರೂ, ಬ್ಯಾಲೆನ್ಸ್ ತಪ್ಪಿದರೂ ಹೀಗಾಗಬಹುದು. ಒಂದೇ ಕಡೆ ಚಪ್ಪಟೆಯಾಗಿ ಸವೆದಿದ್ದರೆ ಜೋರು ಬ್ರೇಕಿನಲ್ಲಿ ಚಕ್ರ ನಿಂತು ಉಜ್ಜಿದೆ ಎಂದರ್ಥ.

ನಮ್ಮ ರಸ್ತೆ, ನಮ್ಮ ಹೇರು

ನಾಟಾ ಲಾರಿಗಳನ್ನು ದಿನವೂ ನೋಡುವ ಕಿರವತ್ತಿಯವರಿಗೆ ಹೇರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆದರೂ ಹಾಲಿನ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಲ್ಯಾಕ್ಟೋಮೀಟರ್ 28 ತೋರಿಸಿದರೆ ಒಂದು ಲೀಟರ್ ಹಾಲಿನ ತೂಕ 1 ಕಿಲೋ 28 ಗ್ರಾಂ. 40 ಲೀಟರಿನ 20 ಕ್ಯಾನು ತುಂಬಿದರೆ ಹಾಲೇ 822 ಕಿಲೋ ಆಯಿತು. ಕ್ಯಾನುಗಳ ತೂಕ ಬೇರೆ. ಇಷ್ಟನ್ನೂ ಹಿಂಬಾಗಿಲ ಹತ್ತಿರ ಅಥವಾ ಒಂದು ಮಗ್ಗುಲಿಗೆ ಒಟ್ಟಿದರೆ ಆ ಕಡೆಯ ಟೈರು ಮತ್ತು ಸ್ಪ್ರಿಂಗ್ ಎರಡೂ ಸೋಲುತ್ತವೆ. ಇಳಿಸಲು ಸುಲಭವೆಂದು ಹಾಗೆ ಒಟ್ಟಬೇಡಿ, ಎರಡೂ ಬದಿಗೆ ಸಮನಾಗಿ ಇಡಿಸಿ.

ಗೌಳಿವಾಡೆಗಳಿಂದ, ಒಳಹಳ್ಳಿಗಳಿಂದ ಬರುವ ಗಾಡಿಗೆ ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಚಕ್ರದ ಒಳಬದಿಗೆ ಅಂಟಿದ ಕೆಮ್ಮಣ್ಣು ಅಲ್ಲಿಯೇ ಒಣಗಿ ಗಟ್ಟಿಯಾಗುತ್ತದೆ. ಅದರಿಂದ ಚಕ್ರದ ಬ್ಯಾಲೆನ್ಸ್ ತಪ್ಪಿ ಸ್ಟಿಯರಿಂಗ್ ನಡುಗುತ್ತದೆ. ಗ್ಯಾರೇಜಿಗೆ ಹೋಗುವ ಮೊದಲು ನೀರು ಹಾಕಿ ಮಣ್ಣು ತೆಗೆಯಿರಿ. ಎಷ್ಟೋ ಸಲ ನಡುಕ ಅಲ್ಲಿಗೇ ನಿಲ್ಲುತ್ತದೆ.

ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಹತ್ತುವ ಗಾಡಿಗಳಲ್ಲಿ ತಿರುವುಗಳಿಂದಾಗಿ ಮುಂದಿನ ಟೈರುಗಳ ಅಂಚು ಸ್ವಲ್ಪ ಬೇಗ ಸವೆಯುವುದು ಸಹಜ. ಎಡ ಬಲ ಎರಡರಲ್ಲೂ ಸವೆತ ಒಂದೇ ತೆರನಾಗಿದ್ದು, ಅಂಗೈಗೆ ಚೂಪು ತಾಗದಿದ್ದರೆ ಮೊದಲು ಗಾಳಿ ನೋಡಿ. ಗಾಳಿ ಸರಿಯಿದ್ದರೆ ಅದು ರಸ್ತೆಯ ಪ್ರಭಾವವಿರಬಹುದು. ಒಂದೇ ಚಕ್ರದಲ್ಲಿದ್ದರೆ ಆ ಚಕ್ರದಲ್ಲೇ ಕಾರಣ ಹುಡುಕಿ.

ಹಿಂದೆ ಜೋಡಿ ಟೈರುಗಳಿರುವ ಲಾರಿ, ಟ್ಯಾಂಕರುಗಳಲ್ಲಿ ಎರಡರ ಗಾಳಿಯೂ ಸಮನಾಗಿರಬೇಕು. ಒಂದರಲ್ಲಿ ಕಡಿಮೆಯಾದರೆ ಭಾರವೆಲ್ಲ ಇನ್ನೊಂದರ ಮೇಲೆ ಬೀಳುತ್ತದೆ. ನಡುವೆ ಕಲ್ಲು ಸಿಕ್ಕಿಕೊಂಡಿದೆಯೇ ಎಂದೂ ನೋಡಿ ತೆಗೆಯಿರಿ.

ಯಾವುದನ್ನು ಮೊದಲು ಸರಿಪಡಿಸಬೇಕು?

ಇಲ್ಲಿ ಕ್ರಮ ತಪ್ಪಿದರೆ ಹಣ ವ್ಯರ್ಥ. ಮೊದಲು ಗಾಳಿ. ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗ ಅಳೆಯಬೇಕು. ಎಷ್ಟು ಗಾಳಿ ಎಂಬುದನ್ನು ಬಾಗಿಲ ಬಳಿಯ ಚೀಟಿಯಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ ನೋಡಿ. ಟೈರಿನ ಮೈಮೇಲೆ ಬರೆದಿರುವುದು ಆ ಟೈರು ತಾಳುವ ಗರಿಷ್ಠ ಒತ್ತಡ, ನಿಮ್ಮ ಗಾಡಿಗೆ ಬೇಕಾದ ಗಾಳಿಯಲ್ಲ. ಹೇರಿನ ಗಾಡಿಗೆ ಮುಂದೆ ಒಂದು, ಹಿಂದೆ ಒಂದು ಲೆಕ್ಕವಿರುತ್ತದೆ.

ಎರಡನೆಯದು ಸಡಿಲವಾದ ಭಾಗಗಳು. ಉಳಿದ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು ಜಾಕ್ ಏರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಅಲುಗಾಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟಿನ ದೋಷ. ಎಡ ಬಲ ಹಿಡಿದು ಅಲುಗಿಸಿದಾಗ ಮಾತ್ರ ಸಡಿಲ ಕಂಡರೆ ಸ್ಟಿಯರಿಂಗಿನ ಜಾಯಿಂಟ್ ನೋಡಿಸಿ. ಗಾಡಿಯ ಕೆಳಗೆ ಮಾತ್ರ ತಲೆ ಹಾಕಬೇಡಿ. ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರದ ಹತ್ತಿರ ಮಾತ್ರ ಕಾವು ಹೆಚ್ಚಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರಬಹುದು.

ಮೂರನೆಯದು ಅಲೈನ್‌ಮೆಂಟ್, ಆನಂತರ ಬ್ಯಾಲೆನ್ಸಿಂಗ್. ಸಡಿಲವಾದ ಜಾಯಿಂಟ್ ಬದಲಿಸದೆ ಅಲೈನ್‌ಮೆಂಟ್ ಮಾಡಿಸಿದರೆ ಮೊದಲ ಗುಂಡಿಗೇ ಅದು ತಪ್ಪಿಹೋಗುತ್ತದೆ. ಹೊಸ ಟೈರು ಬರಬೇಕಾದದ್ದು ಇವೆಲ್ಲ ಮುಗಿದ ಮೇಲೆ. ಕೊಳ್ಳುವಾಗ ಒಂದೇ ಅಚ್ಚಿನ ಎರಡು ಟೈರುಗಳು ಒಂದೇ ಅಳತೆ, ಒಂದೇ ಜಾತಿಯವಾಗಿರಲಿ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಯ ಗುರುತನ್ನೂ ಓದಿ. 2324 ಎಂದಿದ್ದರೆ 2024ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ.

ಟೈರುಗಳನ್ನು ಹಿಂದೆ ಮುಂದೆ ಬದಲಿಸುವುದು ಒಳ್ಳೆಯ ರೂಢಿ. ಕಾರು, ಜೀಪುಗಳಲ್ಲಿ ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸಿದರೆ ಸವೆತ ಹಂಚಿಹೋಗುತ್ತದೆ. ಆದರೆ ಒಂದು ಅಂಚು ಸವೆದ ಟೈರನ್ನು ಕಾರಣ ನೋಡದೆ ಹಿಂದಕ್ಕೆ ಹಾಕುವುದು, ಜ್ವರ ಬಂದ ಎಮ್ಮೆಯನ್ನು ಬೇರೆ ಗೂಟಕ್ಕೆ ಕಟ್ಟಿದಂತೆ. ರೋಗ ಮಾತ್ರ ಇದ್ದಲ್ಲೇ ಇರುತ್ತದೆ.

ಸದಸ್ಯ ಬಂಧುಗಳೇ, ಫ್ಯಾಟ್ ನೋಡದೆ ಹಾಲಿಗೆ ದರ ಕಟ್ಟುವುದನ್ನು ನೀವು ಒಪ್ಪುವುದಿಲ್ಲ. ಟೈರನ್ನೂ ಅಂದಾಜಿನಲ್ಲಿ ಬಿಡಬೇಡಿ. ಸಂಘದಲ್ಲಿ ಒಂದು ಸಣ್ಣ ಪುಸ್ತಕ ಇಡಿಸಿ. ತಿಂಗಳಿಗೊಮ್ಮೆ ದಿನಾಂಕ, ಓಡಿದ ಕಿಲೋಮೀಟರ್, ಪ್ರತಿ ಟೈರಿನ ಗಾಳಿ, ಒಳ-ನಡು-ಹೊರ ಸವೆತ ಇಷ್ಟನ್ನು ಬರೆಯಿಸಿ. ಗಾಡಿ ಬಾಡಿಗೆಯದಾದರೂ ಇದನ್ನು ಕೇಳುವ ಹಕ್ಕು ನಿಮಗಿದೆ, ಏಕೆಂದರೆ ಅದರಲ್ಲಿ ಹೋಗುವ ಹಾಲು ನಿಮ್ಮದು. ಈ ಕೆಲಸಕ್ಕೆ ಕಾಲು ಗಂಟೆ ಸಾಕು. ಮುಂದಿನ ಮಳೆಗಾಲ ಹಿಡಿಯುವ ಮೊದಲು ಆರಂಭಿಸಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.