ಹಂದರದಿಂದ ಹೊಸ ಮನೆಗೆ

ಅಥಣಿ ತಾಲ್ಲೂಕಿನ ಕೊಕಟನೂರ ಭಾಗದಲ್ಲಿ ಮದುವೆಯ ತಯಾರಿ ಜವಳಿ ಖರೀದಿಯಿಂದ ಹಂದರ ಹಾಕುವವರೆಗೆ ಎರಡೂ ಮನೆಗಳನ್ನು ದಿನಗಟ್ಟಲೆ ಹಿಡಿದಿಡುತ್ತದೆ. ಅರಿಸಿನ, ಸುರಗಿ ಶಾಸ್ತ್ರಗಳು ಮುಗಿದು ಅಕ್ಕಿಕಾಳು ಬಿದ್ದ ಮೇಲೆ ದೇವರ ದರ್ಶನ. ಕೊಕಟನೂರಿನಲ್ಲಿ ಅದು ಯಲ್ಲಮ್ಮನ ಗುಡಿ.

ಶಾಸ್ತ್ರಗಳ ಜೊತೆಗೆ ಕಾನೂನನ್ನೂ ನೋಡಬೇಕು. ಅದರಂತೆ ವಧುವಿಗೆ 18, ವರನಿಗೆ 21 ವರ್ಷ ತುಂಬಿರಬೇಕು. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ 2016ರ ತಿದ್ದುಪಡಿ ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧುವಾಗಿಸಿದೆ. ನಡೆದ ಮದುವೆಯನ್ನು ರಾಜ್ಯದ 1976ರ ವಿವಾಹ ನೋಂದಣಿ ಕಾಯ್ದೆಯಡಿ ನೋಂದಾಯಿಸಬೇಕು. ಬೀಗರ ಊಟಕ್ಕೆ ತೋರುವ ಆಸ್ಥೆ ಈ ನೋಂದಣಿ ಕಾಗದಕ್ಕೂ ಸಲ್ಲಬೇಕು, ಏಕೆಂದರೆ ಹೆಣ್ಣುಮಗಳ ಹಕ್ಕಿಗೆ ಅದು ಗಟ್ಟಿ ಆಧಾರ.

ಮದುವೆಯ ನಂತರದ ಪ್ರಶ್ನೆ ವಾಸದ ಮನೆಯದು. ಒಕ್ಕಲುತನದ ಮನೆಗಳಲ್ಲಿ ಹೊಸ ಜೋಡಿಗೆ ಸಾಮಾನ್ಯವಾಗಿ ಒಂದು ಖೋಲಿ ಬಿಟ್ಟುಕೊಡುತ್ತಾರೆ. ನೌಕರಿಗಾಗಿ ಬೆಳಗಾವಿ, ಕೊಲ್ಹಾಪುರ, ಪುಣೆಗೆ ಹೋದವರಿಗೆ ಬಾಡಿಗೆ ಮನೆಯೇ ಮೊದಲ ಸಂಸಾರ. ಮುಂಗಡ ಹಣ ಒಮ್ಮೆಗೇ ಕೊಡಬೇಕಾಗುವುದರಿಂದ ಹಂದರದ ಖರ್ಚಿನಲ್ಲಿ ಒಂದಿಷ್ಟನ್ನು ಅದಕ್ಕೆ ತೆಗೆದಿಡುವುದು ಒಳ್ಳೆಯದು. ಕರ್ನಾಟಕದಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿಗಿರುವುದಕ್ಕೆ ಕಾರಣ 1908ರ ನೋಂದಣಿ ಕಾಯ್ದೆ: ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ನೀರು, ಕರೆಂಟು ಬಿಲ್ಲು, ಮುಂಗಡ ಮರಳಿಸುವ ಷರತ್ತು ಬರಹದಲ್ಲಿರಬೇಕು. ಸ್ವಂತ ಮನೆಗೆ ಸಾಲ ಪಡೆಯುವಾಗ ಇಬ್ಬರೂ ಅರ್ಜಿದಾರರಾದರೆ ಬ್ಯಾಂಕು ಇಬ್ಬರ ಆದಾಯವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ದಂಪತಿಗೆ ಸಿಗುವ ಮನೆ ಇಬ್ಬರ ಜಂಟಿ ಹೆಸರಿಗೆ ಅಥವಾ ಹೆಂಡತಿಯ ಹೆಸರಿಗೆ ಮಂಜೂರಾಗುತ್ತದೆ.