ಶ್ರೀಲಂಕಾ ಟ್ರಿಪ್: ಜಾಫ್ನಾಗೆ ಎರಡು ದಿನ ಎತ್ತಿಡಿ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಶ್ರೀಲಂಕಾ ಸುತ್ತೋಣ.

ವಿಸ್ತೀರ್ಣ 65,610 ಚದರ ಕಿ.ಮೀ. ಕರ್ನಾಟಕದ ಸುಮಾರು ಮೂರನೇ ಒಂದು ಭಾಗ. ‘ಐದು ದಿನ ಸಾಕು ಬಿಡಿ’ ಅಂತಾರೆ. ಕೊಲಂಬೊ, ಕ್ಯಾಂಡಿ, ನುವಾರಾ ಎಲಿಯಾ, ಗಾಲೆ. ಫೋಟೊ ಹಾಕಿ ವಾಪಸ್. ಓದಿದ್ದು ಬಿ.ಕಾಂ, ಹಾಗಾಗಿ ನನಗೆ ಈ ಲೆಕ್ಕದಲ್ಲಿ ಒಂದು ಕಾಲಂ ಖಾಲಿ ಕಾಣುತ್ತೆ: ಉತ್ತರ.

ಮೊದಲು ದಕ್ಷಿಣ. ಕ್ರಿಕೆಟ್ ನೋಡೋರಿಗೆ ಗಾಲೆ ಕೋಟೆ ಗೊತ್ತೇ ಇರುತ್ತೆ, ಸ್ಟೇಡಿಯಂ ಹಿಂದೆ ಕಾಣುತ್ತಲ್ಲ, ಅದೇ. 1588ರಲ್ಲಿ ಪೋರ್ಚುಗೀಸರು ಶುರು ಮಾಡಿದ್ರು, ಆಮೇಲೆ ಡಚ್ಚರು ದೊಡ್ಡದು ಮಾಡಿದ್ರು. ಹೀಗೆ ಕರಾವಳಿ ಕೈಬಿಟ್ಟು ಹೋದರೂ ಬೆಟ್ಟಗಳ ನಡುವಿನ ಕ್ಯಾಂಡಿ ರಾಜ್ಯ 1815ರವರೆಗೂ ಬಗ್ಗಲಿಲ್ಲ. ಆಮೇಲೆ ಬ್ರಿಟಿಷರ ಪಾಲಾಯ್ತು.

ಕ್ಯಾಂಡಿಯಿಂದ ಮೇಲೆ ಹತ್ತಿದರೆ ಟೀ ತೋಟ. ಅಲ್ಲಿ ದುಡಿಯೋಕೆ ಬ್ರಿಟಿಷರು ತಮಿಳುನಾಡಿನಿಂದ ಜನರನ್ನ ಕರೆತಂದರು. 1948ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ಅದೇ ವರ್ಷದ ಕಾನೂನು ಇವರಲ್ಲಿ ಬಹುಪಾಲು ಜನರಿಗೆ ಪೌರತ್ವವೇ ಇಲ್ಲದಂತೆ ಮಾಡ್ತು. ಉಳಿದಿದ್ದವರಿಗೆ ಪೌರತ್ವ ಕೊಡುವ ಕಾನೂನು ಬಂದಿದ್ದು 2003ರಲ್ಲಿ. ಎಲೆ ಕೀಳೋ ಹೆಂಗಸರ ಜೊತೆ ಸೆಲ್ಫಿ ಕೇಳೋ ಮೊದಲು ಇದು ನೆನಪಿರಲಿ.

ಈಗ ಆ ಖಾಲಿ ಕಾಲಂ. ಜಾಫ್ನಾ ಕೊಲಂಬೊದಿಂದ ಸುಮಾರು 400 ಕಿ.ಮೀ. ಒಣ ನೆಲ, ಸಾಲು ತಾಳೆ ಮರ, ನಲ್ಲೂರಿನ ಮುರುಗನ್ ದೇವಸ್ಥಾನ. ಇಲ್ಲಿನ ತಮಿಳರು ಟೀ ತೋಟಕ್ಕೆ ಬಂದವರಲ್ಲ. ಎಷ್ಟೋ ಶತಮಾನದಿಂದ ಇಲ್ಲೇ ಇರೋರು. 1981ರಲ್ಲಿ ಇಲ್ಲಿನ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿ ಹಚ್ಚಿದರು. ಸುಮಾರು 97 ಸಾವಿರ ಪುಸ್ತಕ, ತಾಳೆಗರಿ ಹಸ್ತಪ್ರತಿಗಳು ಬೂದಿಯಾದವು. ಕಟ್ಟಡ ಮತ್ತೆ ಎದ್ದಿದೆ. ತಾಳೆಗರಿಗಳು ವಾಪಸ್ ಬರಲ್ಲ.

ಯುದ್ಧದಿಂದಾಗಿ 1990ರಲ್ಲಿ ನಿಂತ ಜಾಫ್ನಾ ರೈಲು ಮತ್ತೆ ಓಡಿದ್ದು 2014ರಲ್ಲಿ. ಅಂದ್ರೆ 24 ವರ್ಷ ಒಂದೇ ದೇಶದ ಎರಡು ತುದಿಗಳ ಮಧ್ಯೆ ರೈಲಿರಲಿಲ್ಲ. ಯುದ್ಧ 2009ರಲ್ಲಿ ಮುಗಿದಿದೆ. ಈಗಲೂ ನಾವು ಉತ್ತರವನ್ನ ಬಿಟ್ಟು ಬಂದ್ರೆ, ನೋಡಿದ್ದು ಅರ್ಧ ದೇಶ ಅಷ್ಟೇ.

ಕೊನೆಗೆ ಕೆಲಸಕ್ಕೆ ಬರೋ ಮಾತು. ಮಳೆಯೂ ಅಲ್ಲಿ ಎರಡು ಪಾಳಿ: ಮೇ–ಸೆಪ್ಟೆಂಬರ್ ನೈಋತ್ಯಕ್ಕೆ, ವರ್ಷದ ಕೊನೆಗೆ ಉತ್ತರ ಮತ್ತು ಪೂರ್ವಕ್ಕೆ. ಎರಡೂ ಕಡೆ ಹೋಗೋಕೆ ಫೆಬ್ರವರಿ, ಮಾರ್ಚ್ ಅನುಕೂಲ. ಹೊರಡೋ ಮುಂಚೆ ರೈಲಿನ ಟೈಮಿಂಗ್ ನೋಡ್ಕೊಳ್ಳಿ. ಬೀಚ್‌ನಲ್ಲಿ ಒಂದು ದಿನ ಕಡಿಮೆ ಮಾಡಿ, ರಜೆ ಒಂದು ದಿನ ಜಾಸ್ತಿ ಹಾಕಿ. ಜಾಫ್ನಾಗೆ ಎರಡು ದಿನ ಸಿಕ್ತು.

ಹೋಗಿ ಬಂದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.