ವಿಮಾನದ ಕೆಳಗೆ ನಿಂತವರು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹ ರೂಪ)



ಸಾಫ್ಟ್‌ವೇರ್ ಬಗ್ಗೆ, ಬೆಂಗಳೂರಿನ ಕೆಲಸದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಸಮಿತಿಯವರು ನನ್ನನ್ನು ಕರೆದಿದ್ದಾರೆ. ಅದನ್ನು ಹೇಳುವುದಕ್ಕೆ ನನಗಿಂತ ಚೆನ್ನಾಗಿ ಗೊತ್ತಿರುವವರು ಇಲ್ಲೇ ನಾಲ್ಕೈದು ಜನ ಕುಳಿತಿದ್ದಾರೆ. ನನಗೆ ಇನ್ನೊಂದು ಬಾಕಿ ಕೆಲಸ ಇದೆ. 2001ರ ಆಗಸ್ಟ್ 15ರಂದು, ನಾನು ಎಂಟನೇ ತರಗತಿಯಲ್ಲಿದ್ದಾಗ, ಇದೇ ಧ್ವಜಸ್ತಂಭದ ಪಕ್ಕ ನಿಂತು ಒಂದು ಭಾಷಣ ಮಾಡಿದ್ದೆ. ಅದರಲ್ಲಿ ಒಂದು ಸುಳ್ಳು ಹೇಳಿದ್ದೆ. ಅದನ್ನು ಸರಿಪಡಿಸಬೇಕು.

ಆ ದಿನ ನಾನು ಹೇಳಿದ್ದು: 'ನಮ್ಮ ಚಿಕ್ಕಪ್ಪ ಭಾರತೀಯ ವಾಯುಪಡೆಯಲ್ಲಿ ಪೈಲಟ್ ಆಗಿದ್ದಾರೆ.' ಬಿದ್ದ ಚಪ್ಪಾಳೆ ಈಗಲೂ ಕಿವಿಯಲ್ಲಿದೆ. ಬಹುಮಾನವಾಗಿ ಒಂದು ಸ್ಟೀಲ್ ಲೋಟ ಕೊಟ್ಟರು. ಆ ಲೋಟದಲ್ಲಿ ನಮ್ಮಮ್ಮ ಇವತ್ತಿಗೂ ಕಾಫಿ ಕುಡಿಯುತ್ತಾರೆ.

ಚಿಕ್ಕಪ್ಪ ಪೈಲಟ್ ಆಗಿರಲಿಲ್ಲ. ಅವರು ಎ.ಎನ್.-32 ಎಂಬ ಸಾಮಾನು ಸಾಗಿಸುವ ವಿಮಾನದ ಎಂಜಿನ್ ಫಿಟ್ಟರ್ ಆಗಿದ್ದರು. ಅವರೂ ಇದೇ ಶಾಲೆಯವರು, 1982ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರು. ಇವತ್ತು ಈ ಸಭೆಯಲ್ಲಿದ್ದಾರೆ. ಹೆಸರು ಹೇಳಬೇಡ ಎಂದು ನಿನ್ನೆ ರಾತ್ರಿ ತಾಕೀತು ಮಾಡಿದ್ದಾರೆ, ಹೇಳುವುದಿಲ್ಲ. ಊರಿನವರು ಆಗಲೇ ಹಿಂತಿರುಗಿ ನೋಡುತ್ತಿದ್ದೀರಿ, ಅದಕ್ಕೆ ನಾನೇನೂ ಮಾಡುವಂತಿಲ್ಲ.

ಅವರು ಪಿಯುಸಿ ಮಧ್ಯದಲ್ಲೇ ಬಿಟ್ಟು 1985ರಲ್ಲಿ ಏರ್‌ಮನ್ ಆಗಿ ಸೇರಿದರು. ಮೊದಲು ಬೆಳಗಾವಿಯ ಸಾಂಬ್ರಾದಲ್ಲಿ ಕವಾಯತು, ಆಮೇಲೆ ಮದರಾಸಿನ ಹತ್ತಿರದ ತಾಂಬರಂನಲ್ಲಿ ಎಂಜಿನ್ ಕೆಲಸದ ತರಬೇತಿ. ಎ.ಎನ್.-32 ನಮ್ಮ ವಾಯುಪಡೆಗೆ ಬಂದದ್ದು 1984ರಲ್ಲಿ. ಹಾಗಾಗಿ ವಿಮಾನವೂ ಚಿಕ್ಕಪ್ಪನೂ ಹೆಚ್ಚುಕಡಿಮೆ ಒಟ್ಟಿಗೇ ನೌಕರಿಗೆ ಸೇರಿದಂತೆ. ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಉಕ್ರೇನಿನ ಕೀವ್ ನಗರದಲ್ಲಿ ತಯಾರಾದ ವಿಮಾನ ಅದು. ನಮ್ಮ ದೇಶದ ಬಿಸಿಲಿಗೂ ಹಿಮಾಲಯದ ಎತ್ತರಕ್ಕೂ ಆಗಬೇಕೆಂದೇ ದೊಡ್ಡ ಎಂಜಿನ್ ಕೂರಿಸಿ ಮಾಡಿದ್ದು. ಎರಡು ಎಂಜಿನ್, ಒಂದೊಂದಕ್ಕೂ ಐದು ಸಾವಿರ ಅಶ್ವಶಕ್ತಿಗಿಂತ ಹೆಚ್ಚು. 6.7 ಟನ್ ಸಾಮಾನು ಹೊರುತ್ತದೆ. ನಮ್ಮೂರಿನ ಲೆಕ್ಕದಲ್ಲಿ ಹೇಳಬೇಕೆಂದರೆ ಐವತ್ತು ಕೆಜಿಯ ನೂರ ಮೂವತ್ತನಾಲ್ಕು ಮೂಟೆ ರಾಗಿ. ಪ್ರೊಪೆಲ್ಲರ್ ಬಹಳ ದೊಡ್ಡದಾದ್ದರಿಂದ ನೆಲಕ್ಕೆ ತಾಗಬಾರದೆಂದು ಎಂಜಿನ್ನನ್ನು ರೆಕ್ಕೆಯ ಮೇಲ್ಗಡೆ ಕೂರಿಸಿದ್ದಾರೆ. 'ಎತ್ತಿನ ಹೆಗಲ ಮೇಲೆ ನೊಗ ಇಟ್ಟಂಗೆ ಕಾಣುತ್ತೆ' ಎನ್ನುತ್ತಿದ್ದರು ಚಿಕ್ಕಪ್ಪ. ನೋಡುವವರಿಗೆ ಚೆಂದ, ಫಿಟ್ಟರ್‌ಗೆ ಕಷ್ಟ. ಚಳಿಗಾಲದ ನಸುಕಿನಲ್ಲಿ ಕೈ ಮರಗಟ್ಟುತ್ತಿರುವಾಗ ಅಷ್ಟು ಎತ್ತರ ಹತ್ತಿ ಕೆಲಸ ಮಾಡಬೇಕು.

ಅವರು ಹೆಚ್ಚು ವರ್ಷ ಇದ್ದದ್ದು ಚಂಡೀಗಢದಲ್ಲಿ. ಅಲ್ಲಿಂದ ಲೇಹ್‌ಗೆ, ಸಿಯಾಚಿನ್ ಕಡೆಗೆ ವಿಮಾನ ಹೋಗುತ್ತಿದ್ದವು. ಚಳಿಗಾಲದಲ್ಲಿ ಹಿಮ ಬಿದ್ದು ಲಡಾಖಿನ ರಸ್ತೆ ಮುಚ್ಚಿದರೆ ಸೈನಿಕರಿಗೆ ಸೀಮೆಎಣ್ಣೆಯಿಂದ ಹಿಡಿದು ಆಲೂಗಡ್ಡೆ, ಔಷಧಿ, ಮನೆಯ ಕಾಗದದವರೆಗೂ ಎಲ್ಲ ಆಕಾಶದಲ್ಲೇ ಹೋಗಬೇಕು. ಲೇಹ್ ನಿಲ್ದಾಣ ಇರುವುದೇ ಹತ್ತು ಸಾವಿರದ ಆರುನೂರು ಅಡಿಗೂ ಎತ್ತರದಲ್ಲಿ. ಗಾಳಿ ತೆಳು, ಮಧ್ಯಾಹ್ನವಾದರೆ ಕಣಿವೆಯಲ್ಲಿ ಗಾಳಿ ಎದ್ದು ಬೀಸುತ್ತದೆ, ಬಿಸಿಲೇರಿದರೆ ವಿಮಾನಕ್ಕೆ ಭಾರ ಎತ್ತುವ ಶಕ್ತಿ ಇಳಿಯುತ್ತದೆ. ಆದ್ದರಿಂದ ಎಲ್ಲ ಕೆಲಸವೂ ಬೆಳಿಗ್ಗೆಯೇ. ವಿಮಾನ ಬೆಳಿಗ್ಗೆ ಹೊರಡಬೇಕೆಂದರೆ ಅದನ್ನು ಸಿದ್ಧ ಮಾಡುವವರು ಎರಡು ಮೂರು ಗಂಟೆಗೆ ಏಳಬೇಕು. ಚಿಕ್ಕಪ್ಪ ಈಗಲೂ ಆ ಹೊತ್ತಿಗೆ ಎದ್ದು ಅಂಗಳದಲ್ಲಿ ಓಡಾಡುತ್ತಾರೆ. ಚಿಕ್ಕಮ್ಮ ಬೈಯುತ್ತಾರೆ.

ಕತ್ತಲಲ್ಲಿ ಟಾರ್ಚ್ ಹಿಡಿದು ವಿಮಾನದ ಸುತ್ತ ಒಂದು ಸುತ್ತು. ಯಾವಾಗಲೂ ಒಂದೇ ಕಡೆಯಿಂದ ಶುರು, ಒಂದೇ ಕಡೆ ಮುಕ್ತಾಯ, ದೇವಸ್ಥಾನದ ಪ್ರದಕ್ಷಿಣೆಯ ಹಾಗೆ. ಟೈರಿನಲ್ಲಿ ಗಾಳಿ, ಬ್ರೇಕು, ಎಣ್ಣೆ ಸೋರಿದ ಗುರುತು, ರಿವೆಟ್ಟು, ಪ್ರೊಪೆಲ್ಲರ್ ಅಂಚಿನಲ್ಲಿ ಕಲ್ಲು ಹೊಡೆದ ಗಾಯ. ಇಂಧನದ ತೊಟ್ಟಿಯ ತಳದಿಂದ ಗಾಜಿನ ಪಾತ್ರೆಗೆ ಸ್ವಲ್ಪ ಇಳಿಸಿ ಬೆಳಕಿಗೆ ಹಿಡಿದು ನೀರು ಸೇರಿದೆಯೇ ಎಂದು ನೋಡುವುದು. ಆ ನೀರು ಮೇಲೆ ಹೋಗಿ ಹೆಪ್ಪುಗಟ್ಟಿದರೆ ಇಂಧನದ ದಾರಿ ಕಟ್ಟಿಕೊಳ್ಳುತ್ತದೆ. ವಿಮಾನದ ವೇಗ ಅಳೆಯುವ ಸಣ್ಣ ಕೊಳವೆಗೆ ಕೆಂಪು ಪಟ್ಟಿಯ ಮುಸುಕು ಹಾಕಿರುತ್ತಾರೆ, ಅದನ್ನು ತೆಗೆಯಲು ಮರೆತರೆ ಪೈಲಟ್‌ಗೆ ತಾನು ಎಷ್ಟು ವೇಗದಲ್ಲಿದ್ದೇನೆಂದೇ ತಿಳಿಯುವುದಿಲ್ಲ. ಆಮೇಲೆ ಉಪಕರಣದ ಲೆಕ್ಕ. ಪೆಟ್ಟಿಗೆಯಲ್ಲಿ ಪ್ರತಿ ಸ್ಪ್ಯಾನರ್‌ಗೂ ಅದರದೇ ಆಕಾರದ ಗುಂಡಿ. ಒಂದು ಗುಂಡಿ ಖಾಲಿ ಕಂಡರೂ ವಿಮಾನ ಹೊರಡುವ ಹಾಗಿಲ್ಲ. ಒಮ್ಮೆ ಒಂದು ಸಣ್ಣ ಸ್ಕ್ರೂಡ್ರೈವರ್ ಸಿಗದೆ, ಸಾಮಾನು ತುಂಬಿ ನಿಂತ ವಿಮಾನವನ್ನು ಎರಡು ಗಂಟೆ ತಡೆದು ಹುಡುಕಿದರಂತೆ. ಅದು ಸಿಕ್ಕಿದ್ದು ಚಿಕ್ಕಪ್ಪನದೇ ಕೋಟಿನ ಹರಿದ ಜೇಬಿನ ಒಳಪದರದಲ್ಲಿ. ಈ ಕಥೆ ಹೇಳುವಾಗ ಮಾತ್ರ ಅವರು ಜೋರಾಗಿ ನಗುತ್ತಾರೆ.

ಎಲ್ಲ ಮುಗಿದ ಮೇಲೆ ಫಾರ್ಮ್ 700. ಪ್ರತಿ ವಿಮಾನಕ್ಕೂ ಅದರದೇ ದಾಖಲೆ ಪುಸ್ತಕ. ಯಾರು ಏನು ನೋಡಿದರು, ಏನು ಬದಲಾಯಿಸಿದರು ಎಂದು ಬರೆದು ಸಹಿ ಹಾಕಬೇಕು. ಕೊನೆಗೆ ಪೈಲಟ್ ಓದಿ ಸಹಿ ಹಾಕಿ ವಿಮಾನ ಒಪ್ಪಿಕೊಳ್ಳುತ್ತಾರೆ. ಅವರು ಎಂಜಿನ್ ಬಿಚ್ಚಿ ನೋಡುವುದಿಲ್ಲ. ಕೆಳಗಿನ ಸಹಿಯನ್ನು ನಂಬಿ ಮೇಲೆ ಹೋಗುತ್ತಾರೆ.

1999ರಲ್ಲಿ ಕಾರ್ಗಿಲ್ ಯುದ್ಧ ನಡೆದ ತಿಂಗಳುಗಳಲ್ಲಿ ಚಿಕ್ಕಪ್ಪನಿಂದ ಬಂದದ್ದು ಒಂದೇ ಕಾಗದ. ಅದರಲ್ಲಿ ಇದ್ದದ್ದು, 'ಕೆಲಸ ಜಾಸ್ತಿ. ಆರೋಗ್ಯ. ಹಸುಗೆ ಕರು ಹಾಕಿತಾ?' ಅಜ್ಜಿ ಅದನ್ನು ನನ್ನಿಂದ ಹತ್ತು ಸಲ ಓದಿಸಿದರು. ಅವರು ಆಗ ರೆಕ್ಕೆಯ ಕೆಳಗೇ ಚಾಪೆ ಹಾಸಿ ಮಲಗುತ್ತಿದ್ದರೆಂದು ನಮಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಇಷ್ಟೆಲ್ಲ ಇದ್ದೂ ನಾನು ಪೈಲಟ್ ಎಂದೇಕೆ ಹೇಳಿದೆ? ನಮ್ಮ ತರಗತಿಯಲ್ಲಿ ಒಬ್ಬ 'ನಿಮ್ಮ ಚಿಕ್ಕಪ್ಪ ಗ್ಯಾರೇಜ್ ಮೆಕ್ಯಾನಿಕ್ ತಾನೇ' ಎಂದಿದ್ದ. ಅವನು ಇವತ್ತು ಇಲ್ಲೇ ಇದ್ದಾನೆ, ಊಟದ ವ್ಯವಸ್ಥೆ ಅವನದೇ, ಅದಕ್ಕೇ ಹೆಚ್ಚು ಹೇಳುವುದಿಲ್ಲ. ನನಗೆ ನಾಚಿಕೆಯಾಗಿತ್ತು, ಅಷ್ಟೇ. ಆ ವರ್ಷ ದೀಪಾವಳಿಗೆ ಚಿಕ್ಕಪ್ಪ ರಜೆಯ ಮೇಲೆ ಬಂದಾಗ ಊರಿನವರೆಲ್ಲ 'ಏನ್ ಪೈಲಟ್ ಸಾಹೇಬರೇ' ಎಂದು ಮಾತಾಡಿಸಿದರು. ಅವರು ನನ್ನ ಮುಖ ನೋಡಿದರು. ಜನರೆದುರು ಏನೂ ಹೇಳಲಿಲ್ಲ. ಮರುದಿನ ನನ್ನ ಸೈಕಲ್ ಹೊರಗೆ ತರಿಸಿ, ಚೈನು ಬಿಚ್ಚಿಸಿ, ಸೀಮೆಎಣ್ಣೆಯಲ್ಲಿ ತೊಳೆಸಿ, ಮತ್ತೆ ಹಾಕಿಸಿದರು. ಪೂರ್ತಿ ಒಂದು ಬೆಳಿಗ್ಗೆ. ಕೊನೆಗೆ, 'ಈಗ ಇದರ ಮೇಲೆ ನಿನ್ನ ತಂಗೀನ ಕೂರಿಸ್ಕೊಂಡು ಇಳಿಜಾರಲ್ಲಿ ಹೋಗ್ತೀಯಾ?' ಎಂದು ಕೇಳಿದರು. ನಾನು ಮತ್ತೆ ಕೂತು ಬ್ರೇಕಿನ ನಟ್ಟು ಬಿಗಿ ಮಾಡಿದೆ. ಪೈಲಟ್ ವಿಷಯ ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

20 ವರ್ಷ ಮುಗಿಸಿ 2005ರಲ್ಲಿ ಸಾರ್ಜೆಂಟ್ ಆಗಿಯೇ ಊರಿಗೆ ಬಂದರು. ಜೊತೆಗೆ ಸೇರಿದವರಲ್ಲಿ ಕೆಲವರು ವಾರಂಟ್ ಆಫೀಸರ್ ಆದರು, ಇವನು ಆಗಲಿಲ್ಲ ಎಂದು ನಮ್ಮ ಮನೆಯಲ್ಲೇ ಮಾತಿತ್ತು. ಕಾರಣ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಾದದ್ದು ನಾನು ತಪ್ಪು ಮಾಡಿದ ಮೇಲೆ.

ಬಿ.ಇ. ಮುಗಿಸಿ ನಾನು ಸೇರಿದ್ದು ನಾಗರಿಕ ವಿಮಾನಗಳ ದುರಸ್ತಿ ದಾಖಲೆ ಇಡುವ ಸಾಫ್ಟ್‌ವೇರ್ ಬರೆಯುವ ಕಡೆ. ಫಾರ್ಮ್ 700 ಕಾಗದದಲ್ಲಿದ್ದದ್ದು ಇಲ್ಲಿ ಕಂಪ್ಯೂಟರಿನಲ್ಲಿ. 2014ರಲ್ಲಿ ಒಂದು ಹೊಸ ಭಾಗವನ್ನು ಗ್ರಾಹಕರಿಗೆ ಕಳಿಸಬೇಕಿತ್ತು. ಗಡುವು ಶುಕ್ರವಾರ. ಇಬ್ಬರು ಮೆಕ್ಯಾನಿಕ್‌ಗಳು ಒಂದೇ ಹೊತ್ತಿಗೆ ಒಂದೇ ಕೆಲಸದ ದಾಖಲೆ ತೆರೆದು ಉಳಿಸಿದರೆ ಏನಾಗುತ್ತದೆ ಎಂಬ ಪರೀಕ್ಷೆ ಬಾಕಿ ಇತ್ತು. ಹಿಂದಿನ ಸಲ ಸರಿಯಿತ್ತು, ಈ ಸಲವೂ ಇರುತ್ತದೆ ಎಂದುಕೊಂಡು 'ಪರೀಕ್ಷಿಸಲಾಗಿದೆ' ಎಂಬಲ್ಲಿ ನನ್ನ ಹೆಸರು ಹಾಕಿದೆ. ಎರಡು ವಾರದ ನಂತರ ಒಂದು ಹ್ಯಾಂಗರಿನಲ್ಲಿ, ಆಗದೇ ಇದ್ದ ಒಂದು ಕೆಲಸವನ್ನು ನಮ್ಮ ಸಾಫ್ಟ್‌ವೇರ್ 'ಮುಗಿದಿದೆ' ಎಂದು ತೋರಿಸಿತು. ಅಲ್ಲಿದ್ದ ಒಬ್ಬ ಹಳೆಯ ಮೆಕ್ಯಾನಿಕ್ ಪರದೆಯನ್ನು ನಂಬದೆ ಹೋಗಿ ಕೈಯಿಂದ ಮುಟ್ಟಿ ನೋಡಿದ್ದರಿಂದ ಸಿಕ್ಕಿಬಿತ್ತು. ವಿಮಾನ ಹಾರಲಿಲ್ಲ. ಕಚೇರಿಯಲ್ಲಿ ಎಲ್ಲರೂ ಗಡುವನ್ನು ದೂರಿದರು, ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆ ಶನಿವಾರ ಊರಿಗೆ ಬಂದು ಚಿಕ್ಕಪ್ಪನಿಗೆ ಹೇಳಿದೆ. ತೋಟದಲ್ಲಿ ತೆಂಗಿನ ಗರಿ ಎಳೆದು ಹಾಕುತ್ತಿದ್ದರು. ಗಡುವು, ಮ್ಯಾನೇಜರ್, ಜನ ಕಡಿಮೆ ಎಂದು ನಾನು ಉದ್ದಕ್ಕೆ ವಿವರಿಸಿದೆ. ಪೂರ್ತಿ ಕೇಳಿ ಒಂದೇ ಮಾತು ಕೇಳಿದರು.

'ಸಹಿ ಯಾರದು?'

'ನಂದೇ.'

ಮತ್ತೆ ಕೆಲಸಕ್ಕೆ ಕೈ ಹಾಕಿದರು. ರಾತ್ರಿ ಊಟದವರೆಗೂ ಮಾತಿಲ್ಲ. ಊಟವಾಗಿ ಜಗುಲಿಯಲ್ಲಿ ಕುಳಿತಾಗ ತಾವಾಗಿಯೇ ಶುರು ಮಾಡಿದರು. ಅವರು ಸಾರ್ಜೆಂಟ್ ಆದ ಹೊಸತು. ಯಾವ ಸ್ಟೇಷನ್ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಬೆಳಗಿನ ಜಾವ, ಸಾಲಾಗಿ ಮೂರು ವಿಮಾನ. ಎಂಜಿನ್ ಎಣ್ಣೆ ತುಂಬಿಸಿ ಮುಚ್ಚಳ ಹಾಕಿದ್ದೀನಿ ಎಂದು ಕಿರಿಯ ಹುಡುಗ ಕೆಳಗಿನಿಂದ ಕೂಗಿದ. ಇವರು ಮೇಲೆ ಹತ್ತಿ ಮುಟ್ಟಿ ನೋಡಬೇಕಿತ್ತು. ಮೂಳೆ ಕೊರೆಯುವ ಚಳಿ. ಹತ್ತಲಿಲ್ಲ, ಸಹಿ ಹಾಕಿದರು. ವಿಮಾನ ಎದ್ದು ಹೋಯಿತು. ಒಳಗೆ ರಜೆ ಮುಗಿಸಿ ಹೋಗುತ್ತಿದ್ದ ಮೂವತ್ತಕ್ಕೂ ಹೆಚ್ಚು ಜವಾನರು. ಅರ್ಧ ಗಂಟೆಯೊಳಗೆ ಒಂದೇ ಎಂಜಿನ್‌ನಲ್ಲಿ ವಾಪಸ್ ಬಂತು. ಇನ್ನೊಂದರ ಕವಚದ ಮೇಲೆ ಎಣ್ಣೆ ಕಪ್ಪಗೆ ಹರಿದಿತ್ತು.

'ಇಳಿಯೋವರೆಗೆ ನೋಡ್ತಾ ನಿಂತಿದ್ದೆ. ಎಲ್ರೂ ಇಳಿದ್ರು. ಒಬ್ಬ ಹುಡುಗ ಸಿಹಿ ಡಬ್ಬ ಹಿಡ್ಕೊಂಡಿದ್ದ, ಮನೇದು. ನನಗೇ ಒಂದು ತೆಗೆದು ಕೊಟ್ಟ ಕಣೋ.'

ಆ ಕಿರಿಯ ಹುಡುಗನ ಹೆಸರು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಇವರು ನೇರ ಅಧಿಕಾರಿಯ ಬಳಿ ಹೋಗಿ, ನೋಡದೆ ಸಹಿ ಹಾಕಿದವನು ನಾನು ಎಂದರು. ಶಿಕ್ಷೆಯಾಯಿತು, ಅದು ದಾಖಲೆಗೆ ಹೋಯಿತು, ಬಡ್ತಿ ಬರಲಿಲ್ಲ. ಚಿಕ್ಕಮ್ಮನಿಗೂ ಇದು ಗೊತ್ತಿರಲಿಲ್ಲ. ಇವತ್ತು ಹೇಳಲೇ ಎಂದು ಕೇಳಿದಾಗ, 'ಹೇಳು, ಆದರೆ ಮುಚ್ಚಳದ ವಿಷಯ ಸರಿಯಾಗಿ ಹೇಳು, ಹುಡುಗನ ಮೇಲೆ ಹಾಕಬೇಡ' ಎಂದರು.

ಸೋಮವಾರ ನಾನು ಕಚೇರಿಗೆ ಹೋಗಿ ಹೇಳಿದೆ. ಆ ವರ್ಷ ಸಂಬಳ ಏರಲಿಲ್ಲ. ಅದು ದೊಡ್ಡ ವಿಷಯವೇನಲ್ಲ, ಅವರಿಗಾದದ್ದರ ಮುಂದೆ.

ನಮ್ಮ ಕಚೇರಿಗೆ ಅಮೆರಿಕದಿಂದ ಬರುತ್ತಿದ್ದ ಒಬ್ಬರು ಹಿಂದೆ ಅಲ್ಲಿನ ವಾಯುಪಡೆಯಲ್ಲಿ ಸಿ-130 ಸರಕು ವಿಮಾನದ ಕ್ರೂ ಚೀಫ್ ಆಗಿದ್ದವರು. ಅಲ್ಲಿ ಒಂದು ವಿಮಾನದ ಹೊಣೆ ಒಬ್ಬ ಕ್ರೂ ಚೀಫ್‌ಗೆ ಕೊಟ್ಟು, ಅವರ ಹೆಸರನ್ನು ವಿಮಾನದ ಮೇಲೆಯೇ ಬಣ್ಣದಲ್ಲಿ ಬರೆಯುತ್ತಾರೆ. ವಿಮಾನ ನಮ್ಮದು, ಪೈಲಟ್‌ಗಳು ಅದನ್ನು ಸಾಲ ತೆಗೆದುಕೊಂಡು ಹೋಗುತ್ತಾರೆ ಎಂಬುದು ಅವರ ತಮಾಷೆ. ಇದನ್ನು ಚಿಕ್ಕಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, 'ಒಳ್ಳೇದೇ. ತಪ್ಪಾದ್ರೆ ಹುಡುಕೋದು ಸುಲಭ' ಎಂದರು.

2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ಒಂದು ಎ.ಎನ್.-32 ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. 29 ಜನ ಇದ್ದರು. ಟಿ.ವಿ.ಯಲ್ಲಿ ಸುದ್ದಿ ಬಂದಾಗ ಚಿಕ್ಕಪ್ಪ ವಿಮಾನದ ನಂಬರ್ ಏನು ಎಂದು ಹುಡುಕಲು ನನಗೆ ಫೋನ್ ಮಾಡಿದರು. ಹೇಳಿದೆ. ಆ ಕಡೆಯಿಂದ ತುಂಬ ಹೊತ್ತು ಮಾತಿಲ್ಲ. ಆ ವಿಮಾನದ ಮೇಲೆ ಕೆಲಸ ಮಾಡಿದ್ದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಏಳೂವರೆ ವರ್ಷದ ಮೇಲೆ, 2024ರ ಜನವರಿಯಲ್ಲಿ, ಚೆನ್ನೈ ತೀರದಿಂದ ಸುಮಾರು 310 ಕಿಲೋಮೀಟರ್ ದೂರದಲ್ಲಿ, 3,400 ಮೀಟರ್ ಆಳದ ಸಮುದ್ರತಳದಲ್ಲಿ ಅವಶೇಷಗಳ ಚಿತ್ರ ಸಿಕ್ಕಿತು. ಆ ಸುದ್ದಿಯ ಪತ್ರಿಕೆಯ ತುಂಡನ್ನು ಅವರು ತಮ್ಮ ಡಿಸ್ಚಾರ್ಜ್ ಪುಸ್ತಕದೊಳಗೆ ಇಟ್ಟಿದ್ದಾರೆ.

ಈಗ ನನ್ನ ತಿದ್ದುಪಡಿ. ನಮ್ಮ ಚಿಕ್ಕಪ್ಪ ಭಾರತೀಯ ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದರು. ಆ ಸ್ಟೀಲ್ ಲೋಟ ವಾಪಸ್ ಬೇಕೆಂದರೆ ನಮ್ಮಮ್ಮನನ್ನು ಕೇಳಬೇಕು.

ಇನ್ನೂ ಹೇಳಬೇಕಿತ್ತು. ಆದರೆ ಬೆಳಿಗ್ಗೆ ಮನೆಯಿಂದ ಹೊರಡುವಾಗ ಚಿಕ್ಕಪ್ಪ ನನ್ನ ಕಾರಿನ ಸುತ್ತ ಒಂದು ಸುತ್ತು ಬಂದು, ಎಡಗಡೆ ಹಿಂದಿನ ಚಕ್ರದಲ್ಲಿ ಗಾಳಿ ಕಡಿಮೆ ಇದೆ, ಹೀಗೇ ಬೆಂಗಳೂರಿಗೆ ಬಿಡುವುದಿಲ್ಲ ಎಂದಿದ್ದಾರೆ. ಬಸ್ ಸ್ಟ್ಯಾಂಡಿನ ಪಂಕ್ಚರ್ ಅಂಗಡಿ ಇವತ್ತು ಭಾನುವಾರ ಒಂದು ಗಂಟೆಗೇ ಮುಚ್ಚುತ್ತದೆ. ಅವರು ಆಗಲೇ ಎದ್ದು ಗೇಟಿನ ಹತ್ತಿರ ನಿಂತಿದ್ದಾರೆ.